ಮೀಟರ್ ಕೆಂಪಿಗೆ ಓಡುತ್ತಿದೆ: ಹಳೆಯ ಫೈಬರ್‌ಗ್ಲಾಸ್ ಹಾಯಿದೋಣಿಯ ತಳದಲ್ಲಿ ಗುಳ್ಳೆ, ಡೆಕ್ಕಿನಲ್ಲಿ ಮೆತ್ತನೆಯ ಜಾಗ

ಪಡುಗಾಳಿ

ನನ್ನದು 1976ರಲ್ಲಿ ಕಟ್ಟಿದ 28 ಅಡಿಯ ಫೈಬರ್‌ಗ್ಲಾಸ್ ಹಾಯಿದೋಣಿ. ಕೊಂಡು ಎರಡು ವರ್ಷವಾಯಿತು. ಈ ಸಲ ದಡಕ್ಕೆತ್ತಿಸಿ ತಳದ ಹಳೆಯ ಬಣ್ಣ ಕೆರೆಯಲು ಕುಳಿತಾಗ ನೀರಿನ ಗೆರೆಯ ಕೆಳಗೆ ಗುಳ್ಳೆಗಳು ಕಂಡವು. ಬಲಬದಿಯಲ್ಲಿ ನಲವತ್ತರ ತನಕ ಎಣಿಸಿ ಬಿಟ್ಟುಬಿಟ್ಟೆ. ಹೆಚ್ಚಿನವು ಅಂಗಿಯ ಗುಂಡಿಯಷ್ಟು, ಮೂರು ನಾಲ್ಕು ಮಾತ್ರ ದೊಡ್ಡ ನಾಣ್ಯದಷ್ಟು. ಗೆಳೆಯನಿಂದ ತೇವಾಂಶದ ಮೀಟರ್ ತಂದು ಒತ್ತಿ ನೋಡಿದರೆ ಕೀಲಿನ (ತಳದಿಂದ ಕೆಳಕ್ಕೆ ಚಾಚಿದ ಭಾರದ ರೆಕ್ಕೆಯ) ಸುತ್ತ ಎಲ್ಲಿಟ್ಟರೂ ಮುಳ್ಳು ಕೆಂಪಿಗೇ ಓಡುತ್ತದೆ.

ಡೆಕ್ಕಿನ ಮೇಲೂ ಒಂದು ಕಡೆ, ಕೂವೆಯನ್ನು, ಅಂದರೆ ಹಾಯಿಯ ಕಂಬವನ್ನು, ಪಕ್ಕದಿಂದ ಹಿಡಿದಿರುವ ತಂತಿಗಳು ಇಳಿಯುವಲ್ಲಿ, ಕಾಲಿಟ್ಟರೆ ಸ್ವಲ್ಪ ಮೆತ್ತಗೆನಿಸುತ್ತದೆ. ಅದು ಕೊಂಡಾಗಿನಿಂದಲೂ ಹಾಗೆಯೇ ಇದೆ, ಆದ್ದರಿಂದ ಅದರ ಚಿಂತೆ ಅಷ್ಟಿಲ್ಲ.

ಒಬ್ಬರು ಜೆಲ್‌ಕೋಟ್, ಅಂದರೆ ಫೈಬರ್‌ಗ್ಲಾಸಿನ ಹೊರಮೈಯ ನುಣುಪು ರಾಳದ ಪದರ, ಪೂರ್ತಿ ಸುಲಿಸಬೇಕು ಎನ್ನುತ್ತಾರೆ. ಇನ್ನೊಬ್ಬರು ಬಣ್ಣ ಬಳಿದು ನೀರಿಗಿಳಿಸು ಎನ್ನುತ್ತಾರೆ. ಎಲ್ಲಿಂದ ಶುರು ಮಾಡಲಿ?

ಹಳೆಯ ಕೀಲು

ಮೊದಲು ಆ ಮೀಟರನ್ನು ಪೆಟ್ಟಿಗೆಯೊಳಗಿಡಿ. ದೋಣಿ ನೀರಿನಿಂದ ಮೇಲೆ ಬಂದು ಎಷ್ಟು ದಿನವಾಯಿತೆಂದು ನೀವು ಬರೆದಿಲ್ಲ. ಒಂದು ವಾರವಷ್ಟೇ ಆಗಿದ್ದು ಮುಳ್ಳು ಕೆಂಪಿಗೆ ಹೋಗದಿದ್ದರೆ ನಾನು ಮೀಟರನ್ನೇ ಅನುಮಾನಿಸುತ್ತಿದ್ದೆ.

ಆ ಯಂತ್ರ ನೀರನ್ನು ಅಳೆಯುವುದಿಲ್ಲ. ತನ್ನ ಮುಂದಿರುವ ವಸ್ತು ವಿದ್ಯುತ್ತಿಗೆ ಹೇಗೆ ಸ್ಪಂದಿಸುತ್ತದೆ ಎಂಬುದನ್ನು ಅಳೆದು ಅದಕ್ಕೊಂದು ಅಂಕಿ ಕೊಡುತ್ತದೆ. ತಳದ ಬಣ್ಣದಲ್ಲಿರುವ ತಾಮ್ರ, ಮೇಲ್ಮೈಯ ಉಪ್ಪು, ಬೆಳಗಿನ ಇಬ್ಬನಿ, ಗೋಡೆಯ ಆಚೆಗಿರುವ ಲೋಹದ ನೀರಿನ ತೊಟ್ಟಿ, ಬಿಲ್ಜಿನಲ್ಲಿ (ದೋಣಿಯೊಳಗಿನ ಅತಿ ತಗ್ಗಿನ ಜಾಗದಲ್ಲಿ) ನಿಂತ ಎರಡು ಚೊಂಬು ನೀರು, ಇವೆಲ್ಲವೂ ಅದರ ಕಣ್ಣಿಗೆ 'ಒದ್ದೆ'ಯೇ. ಕೆಲವು ಮೀಟರುಗಳ ಮೇಲೆ ಶೇಕಡಾವಾರು ಅಚ್ಚಾಗಿರುತ್ತದೆ. ಅದು ಮರಕ್ಕೆ ಹೊಂದಿಸಿದ ಅಳತೆ, ಫೈಬರ್‌ಗ್ಲಾಸಿಗೆ ಅದರಲ್ಲಿ ಅರ್ಥವಿಲ್ಲ.

ಹೀಗೆ ಮಾಡಿ. ಬಿಲ್ಜನ್ನು ಬರಿದು ಮಾಡಿ ಒರೆಸಿ. ತಳದಲ್ಲಿ ಅಂಗೈಯಗಲದ ಹತ್ತು ಹನ್ನೆರಡು ಜಾಗಗಳಲ್ಲಿ ಬಣ್ಣವನ್ನು ಪೂರ್ತಿ ಕೆರೆದು ಸಿಹಿನೀರಿನಲ್ಲಿ ತೊಳೆಯಿರಿ. ನೀರಿನ ಗೆರೆಗಿಂತ ಬಹಳ ಮೇಲೆ, ಎಂದೂ ಮುಳುಗದ ಕಡೆ ಒಂದು ಅಂಕಿ ತೆಗೆದುಕೊಳ್ಳಿ. ಅದು ನಿಮ್ಮ ದೋಣಿಯ 'ಒಣ' ಅಂಕಿ. ಆಮೇಲೆ ಕೆಳಗಿನ ಜಾಗಗಳ ಅಂಕಿಗಳನ್ನು ಮೇಣದ ಪೆನ್ಸಿಲಿನಿಂದ ದೋಣಿಯ ಮೇಲೆಯೇ ಬರೆಯಿರಿ, ಪಕ್ಕದಲ್ಲಿ ತಾರೀಕು. ಹದಿನೈದು ದಿನ ಬಿಟ್ಟು ಮತ್ತೆ ಅಲ್ಲೇ ಇಡಿ. ಅಂಕಿ ಇಳಿಯುತ್ತಿದೆಯೇ, ನಿಂತಲ್ಲೇ ನಿಂತಿದೆಯೇ ಎಂಬುದರಲ್ಲಿ ಸುದ್ದಿ ಇದೆ. ಒಂದೇ ದಿನದ ಕೆಂಪು ಮುಳ್ಳಿನಲ್ಲಿ ಇಲ್ಲ.

ಇನ್ನೊಂದು ಮಾತು. ಗುಳ್ಳೆ ಕಂಡು ನೀವು ಹೆದರಿದ್ದೀರಿ, ಮೆತ್ತಗಿನ ಡೆಕ್ಕನ್ನು ಕೊನೆಯ ಸಾಲಿಗೆ ತಳ್ಳಿದ್ದೀರಿ. ಹೆದರಿಕೆ ತಿರುಗುಮುರುಗಾಗಿದೆ.

ಅರ್ಧ ಹಾಯಿ

ನನ್ನ ದೋಣಿಗೆ ಗುಳ್ಳೆ ಬಂದು ಹದಿನೈದು ವರ್ಷ. ಪ್ರತಿ ಸಲ ಎತ್ತಿಸಿದಾಗ ದೊಡ್ಡವನ್ನು ಮಾತ್ರ ಕೊರೆದು, ತೊಳೆದು, ಎಪಾಕ್ಸಿ ಎಂಬ ಗಟ್ಟಿಯಾಗುವ ಅಂಟುರಾಳ ತುಂಬಿ ಮತ್ತೆ ಇಳಿಸುತ್ತೇನೆ. ಮುಳುಗಿಲ್ಲ. ಮುಳುಗಿದ್ದರೆ ಇಲ್ಲಿ ಬರೆಯುತ್ತಿರಲಿಲ್ಲ. ಜೆಲ್‌ಕೋಟ್ ಪೂರ್ತಿ ಸುಲಿಸುವ ಖರ್ಚಿಗೆ ಈ ವಯಸ್ಸಿನ ಇನ್ನೊಂದು ದೋಣಿಯೇ ಬರುತ್ತದೆ. ಮೂಗಿಗಿಂತ ಮೂಗುತಿ ಭಾರ.

ರಾಳದ ಕೈ

ಅರ್ಧ ಹಾಯಿಯವರ ದೋಣಿ ಮುಳುಗದಿರುವುದರಲ್ಲಿ ಆಶ್ಚರ್ಯವಿಲ್ಲ. ಆ ಕಾಲದ ದೋಣಿಗಳ ತಳ ಸಾಮಾನ್ಯವಾಗಿ ದಪ್ಪ, ಗುಳ್ಳೆ ಹೆಚ್ಚಾಗಿ ಹೊರಗಿನ ಒಂದೆರಡು ಪದರಗಳಲ್ಲಿ ನಿಲ್ಲುತ್ತದೆ. ಆದರೆ ಒಳಗೆ ಏನು ನಡೆಯುತ್ತಿದೆ ಎಂದು ತಿಳಿಯದೆ 'ತುಂಬಿಬಿಡಿ' ಎನ್ನುವುದೂ ಸರಿಯಲ್ಲ.

ಜೆಲ್‌ಕೋಟ್ ಜಲನಿರೋಧಕ ಎಂಬ ನಂಬಿಕೆ ತಪ್ಪು. ನೀರು ದ್ರವವಾಗಿ ನುಗ್ಗಲಾರದಿದ್ದರೂ ಅಣು ಅಣುವಾಗಿ ನಿಧಾನಕ್ಕೆ ದಾಟುತ್ತಲೇ ಇರುತ್ತದೆ. ಒಳಗೆ ಪಾಲಿಯೆಸ್ಟರ್ ರಾಳ ಸರಿಯಾಗಿ ಗಟ್ಟಿಯಾಗದೆ ಉಳಿದ ಕಡೆ, ಎಳೆಗಳು ರಾಳ ಕುಡಿಯದೆ ಒಣಗಿ ಉಳಿದ ಕಡೆ, ಚಿಕ್ಕ ಗಾಳಿಗೂಡುಗಳಲ್ಲಿ ಅದು ನಿಲ್ಲುತ್ತದೆ. ನೀರಿನಲ್ಲಿ ಕರಗಬಲ್ಲದ್ದೇನಾದರೂ ಅಲ್ಲಿದ್ದರೆ ದ್ರಾವಣವಾಗುತ್ತದೆ. ಆಮೇಲೆ ಶಾಲೆಯಲ್ಲಿ ಓದಿದ ಅಭಿಸರಣ: ಹೊರಗಿನ ತೆಳುನೀರು ಒಳಗಿನ ಗಾಢ ದ್ರಾವಣದ ಕಡೆಗೆ ಎಳೆಯಲ್ಪಡುತ್ತದೆ, ಒತ್ತಡ ಏರುತ್ತದೆ, ಜೆಲ್‌ಕೋಟ್ ಉಬ್ಬುತ್ತದೆ. ಅದಕ್ಕೇ ಉಪ್ಪುನೀರಿಗಿಂತ ಸಿಹಿನೀರಿನಲ್ಲಿ, ತಣ್ಣೀರಿಗಿಂತ ಬೆಚ್ಚನೆಯ ನೀರಿನಲ್ಲಿ ಗುಳ್ಳೆ ಬೇಗ ಏಳುತ್ತದೆ.

ಇದು ಕಥೆಯ ಅರ್ಧ. ಪಾಲಿಯೆಸ್ಟರಿನ ಸರಪಳಿಯಲ್ಲಿ ಎಸ್ಟರ್ ಕೊಂಡಿಗಳಿವೆ. ನೀರು ಬಹುಕಾಲ ಕೂತರೆ ಅವು ಕಡಿದುಹೋಗುತ್ತವೆ, ಇದಕ್ಕೆ ಜಲವಿಭಜನೆ ಎನ್ನುತ್ತಾರೆ. ಹುಟ್ಟುವುದು ಆಮ್ಲ ಮತ್ತು ಗ್ಲೈಕಾಲ್. ಆಮ್ಲ ಇನ್ನಷ್ಟು ಕೊಂಡಿ ಕಡಿಯಲು ನೆರವಾಗುತ್ತದೆ. ಗ್ಲೈಕಾಲ್ ನೀರನ್ನು ಹೀರಿ ಹಿಡಿದಿಟ್ಟುಕೊಳ್ಳುತ್ತದೆ.

ಪಡುಗಾಳಿಯವರೇ, ಒಂದು ಗುಳ್ಳೆ ಒಡೆದು ನೋಡಿ. ಕಣ್ಣಿಗೆ ಕನ್ನಡಕ ಕಡ್ಡಾಯ, ಒಳಗಿನ ದ್ರವ ಚಿಮ್ಮುತ್ತದೆ. ಆಮ್ಲ ತೋರಿಸುವ ಪಿಎಚ್ ಪಟ್ಟಿ ಇದ್ದರೆ ಅದ್ದಿ, ಎರಡು ಬೆರಳ ನಡುವೆ ಉಜ್ಜಿ, ವಾಸನೆ ನೋಡಿ.

ಪಡುಗಾಳಿ

ಒಡೆದೆ. ಚೂಪು ಉಳಿಯ ತುದಿ ತಾಗಿದೊಡನೆ 'ಚುಸ್' ಎಂದು ಸಣ್ಣ ಎಳೆಯಂತೆ ಹಾರಿ ಕನ್ನಡಕದ ಎಡಗಾಜಿಗೆ ಬಿತ್ತು. ಎಚ್ಚರಿಸಿದ್ದಕ್ಕೆ ಧನ್ಯವಾದ. ಕಂದುಬಣ್ಣದ ದ್ರವ, ವಿನೆಗರಿನಂಥ ಹುಳಿ ವಾಸನೆ, ಅದರ ಹಿಂದೆ ಹೊಸ ಪ್ಲಾಸ್ಟಿಕ್ಕಿನ ಘಾಟು. ಬೆರಳ ನಡುವೆ ಎಣ್ಣೆಯ ಹಾಗೆ ಜಾರುತ್ತದೆ. ಪಟ್ಟಿ ಕಿತ್ತಳೆಗೆ ತಿರುಗಿತು. ಒಟ್ಟು ಆರು ಒಡೆದೆ. ನಾಲ್ಕರಲ್ಲಿ ಹೀಗೆ, ಎರಡರಲ್ಲಿ ಬರೀ ನೀರು: ಬಣ್ಣದ ಪದರ ಮಾತ್ರ ಉಬ್ಬಿತ್ತು, ಕೆಳಗಿನ ಜೆಲ್‌ಕೋಟ್ ನುಣ್ಣಗೆ ಇತ್ತು.

ದೊಡ್ಡದೊಂದರ ತಳ ಕೆರೆದಾಗ ಎಳೆಗಳು ಬಿಳಿಯಾಗಿ, ಒಣಹುಲ್ಲಿನ ಹಾಗೆ ಬಿಡಿಬಿಡಿಯಾಗಿ ಬಂದವು. ಸುಮಾರು 2 ಮಿ.ಮೀ. ಕೆಳಗೆ ಹೋದ ಮೇಲೆ ಗಟ್ಟಿ, ಹಸಿರುಮಿಶ್ರಿತ ಪಾರದರ್ಶಕ ಪದರ ಸಿಕ್ಕಿತು.

ಹಳೆಯ ಕೀಲು

ಆ ಎರಡು ಬಣ್ಣದ ಗುಳ್ಳೆಗಳು ಕಾಯಿಲೆಯೇ ಅಲ್ಲ, ಹಿಂದಿನವರು ಸರಿಯಾಗಿ ತೊಳೆಯದೆ ಬಣ್ಣ ಬಳಿದದ್ದರ ಫಲ. ಎಣಿಕೆಯಿಂದ ಅವನ್ನು ಬಿಡಿ. ಉಳಿದವು ನಿಜವಾದ ಗುಳ್ಳೆಗಳು, ಆದರೂ 2 ಮಿ.ಮೀ. ಕೆಳಗೆ ಗಟ್ಟಿ ಪದರ ಸಿಕ್ಕಿತೆಂದರೆ ಒಳ್ಳೆಯ ಸುದ್ದಿ.

ಈಗ ಸುತ್ತಿಗೆ. ಉಕ್ಕಿನದು ಬೇಡ, ಗಟ್ಟಿ ಪ್ಲಾಸ್ಟಿಕ್ ತಲೆಯ ಚಿಕ್ಕದು. ಅದಿಲ್ಲದಿದ್ದರೆ ಸ್ಕ್ರೂಡ್ರೈವರಿನ ಹಿಡಿ ಸಾಕು. ಕೈ ಸಡಿಲವಾಗಿರಲಿ, ಸುತ್ತಿಗೆ ತಾನೇ ಪುಟಿಯಬೇಕು. ಒಂದಕ್ಕೊಂದು ಅಂಟಿದ ಪದರಗಳು 'ಟಕ್' ಎಂದು ಚುರುಕಾಗಿ ಉತ್ತರಿಸುತ್ತವೆ. ಪದರ ಬಿಟ್ಟಿದ್ದರೆ 'ದಬ್' ಎಂಬ ಸತ್ತ ಸದ್ದು, ಸುತ್ತಿಗೆಯೂ ಕೈಯಲ್ಲಿ ಮಂಕಾಗುತ್ತದೆ. ಒಳಗಡೆ ಅಡ್ಡಗೋಡೆ ತಗುಲಿದಲ್ಲಿ ಸದ್ದು ಬದಲಾಗುವುದು ಸಹಜ, ಆದ್ದರಿಂದ ಒಳಗೆ ಏನೇನು ಎಲ್ಲಿದೆ ಎಂದು ಮೊದಲೇ ಗುರುತು ಹಾಕಿಕೊಳ್ಳಿ. ತಳ ಮುಗಿದ ಮೇಲೆ ಡೆಕ್ಕಿನ ಮೇಲೂ ಹಾಗೆಯೇ ತಟ್ಟುತ್ತಾ ಹೋಗಿ, ಸದ್ದು ಸತ್ತಲ್ಲೆಲ್ಲ ಗೆರೆ ಎಳೆಯಿರಿ. ಅದೇ ನಿಮ್ಮ ನಕ್ಷೆ.

ಚುಕ್ಕಾಣಿ

ತಳ, ಡೆಕ್ಕು ಎರಡರ ಗಲಾಟೆಯಲ್ಲಿ ಎಲ್ಲರೂ ಮರೆಯುವುದು ನನ್ನ ಹೆಸರಿನ ಭಾಗವನ್ನು. ಆ ಕಾಲದ ಚುಕ್ಕಾಣಿ ಹೆಚ್ಚಾಗಿ ಎರಡು ಫೈಬರ್‌ಗ್ಲಾಸ್ ಚಿಪ್ಪುಗಳು, ನಡುವೆ ಫೋಮ್, ಅದರೊಳಗೆ ಸ್ಟೇನ್‌ಲೆಸ್ ದಂಡಕ್ಕೆ ಬೆಸೆದ ಪಟ್ಟಿಗಳು. ದಂಡ ಒಳಹೋಗುವ ಕಡೆ ಅಂಟು ಬಿಟ್ಟು ನೀರು ಇಳಿಯುತ್ತದೆ. ಗಾಳಿಯಾಡದೆ ನಿಂತ ನೀರಿನಲ್ಲಿ ಸ್ಟೇನ್‌ಲೆಸ್ ತನ್ನ ಮೇಲಿನ ರಕ್ಷಣೆಯ ಪದರ ಕಳೆದುಕೊಂಡು ಸಂದುಗಳಲ್ಲಿ ತುಕ್ಕು ಹಿಡಿಯುತ್ತದೆ. ಚುಕ್ಕಾಣಿಯ ಅತಿ ಕೆಳತುದಿಯಲ್ಲಿ 5 ಮಿ.ಮೀ. ತೂತೊಂದು ಕೊರೆಯಿರಿ. ನನ್ನದರಲ್ಲಿ ಎರಡು ದಿನ ತೊಟ್ಟಿಕ್ಕಿತು. ಬಂದ ನೀರು ಬರೀ ತಿಳಿಯಾಗಿದ್ದರೆ ಒಣಗಿಸಿ ಮುಚ್ಚಬಹುದು, ತುಕ್ಕಿನ ಕೆಂಪಿದ್ದರೆ ಚಿಪ್ಪು ಬಿಚ್ಚಿ ಬೆಸುಗೆ ನೋಡದೆ ಸಮುದ್ರಕ್ಕೆ ಹೋಗಬೇಡಿ.

ಪಡುಗಾಳಿ (ಮೂರು ವಾರಗಳ ನಂತರ)

ವರದಿ. ಮೀಟರಿನ ಸ್ವಂತ ಅಳತೆಯಲ್ಲಿ ಮೇಲ್ಬದಿಯ ಒಣ ಅಂಕಿ 5. ತಳದ ಹನ್ನೆರಡು ಜಾಗಗಳಲ್ಲಿ ಎಂಟು 22ರಿಂದ 11ಕ್ಕೆ ಇಳಿದಿವೆ. ನಾಲ್ಕು ಜಾಗಗಳು, ಎಲ್ಲವೂ ಗುಳ್ಳೆ ದಟ್ಟವಾಗಿರುವ ಕಡೆಯವು, 20ರಲ್ಲೇ ಅಂಟಿಕೊಂಡಿವೆ. ತಳದಲ್ಲಿ ಎಲ್ಲಿ ತಟ್ಟಿದರೂ ಟಕ್. ಚುಕ್ಕಾಣಿಯಿಂದ ಅರ್ಧ ಲೋಟ ತಿಳಿನೀರು.

ಡೆಕ್ಕು ಬೇರೆಯೇ ಕಥೆ. ಆ ಮೆತ್ತನೆಯ ಜಾಗ ಎರಡು ಅಂಗೈಯಷ್ಟು ಎಂದುಕೊಂಡಿದ್ದೆ. ತಟ್ಟುತ್ತಾ ಗೆರೆ ಎಳೆದು ಮುಗಿಸಿ ಎದ್ದು ನಿಂತು ನೋಡಿದರೆ ಗೆರೆ ಕೂವೆಯ ಬುಡದಿಂದ ಹಿಂದಿನ ಕಿಟಕಿಯ ತನಕ ಹರಿದಿದೆ. ಮೇಲೆ ಥಳಕು, ಒಳಗೆ ಹುಳುಕು ಎನ್ನುವುದು ಇದಕ್ಕೇ ಇರಬೇಕು. ಹೋದ ವರ್ಷವಷ್ಟೇ ಅದರ ಮೇಲೆ ಹೊಸ ಬಣ್ಣ ಬಳಿದಿದ್ದೆ.

ತಳದಲ್ಲಿ ಹಟ ಹಿಡಿದಿರುವ ಆ ನಾಲ್ಕು ಜಾಗಗಳಿಗೆ ಇನ್ನೂ ಕಾಯಬೇಕೇ? ಬಿಸಿಗಾಳಿ ಯಂತ್ರ ಹಚ್ಚಲೇ?

ರಾಳದ ಕೈ

ಕಾಯುವುದರಿಂದ ಏನೂ ಆಗದು. ಜನ ತಿಂಗಳುಗಟ್ಟಲೆ ದೋಣಿ ಒಣಗಿಸಿ, ಬಳಿದು, ಮೂರನೇ ವರ್ಷ ಮತ್ತೆ ಗುಳ್ಳೆ ಕಂಡು ಅಳುವುದು ಇಲ್ಲಿಯೇ. ನೀರು ಆರುತ್ತದೆ, ಗ್ಲೈಕಾಲ್ ಆರುವುದಿಲ್ಲ. ಪ್ರೊಪಿಲೀನ್ ಗ್ಲೈಕಾಲ್ ಕುದಿಯುವುದು 188 ಡಿಗ್ರಿ ಸೆಲ್ಸಿಯಸ್‌ನಲ್ಲಿ. ನೆರಳಲ್ಲಿ ನಿಲ್ಲಿಸಿದ ದೋಣಿಯಿಂದ ಅದು ತಾನಾಗಿ ಎದ್ದು ಹೋಗುವುದೆಂದು ಕಾಯುವುದು ಮರಳು ಹಿಂಡಿದಂತೆ. ಅದು ಇರುವವರೆಗೆ ಗಾಳಿಯಿಂದಲೂ ತೇವ ಎಳೆದುಕೊಳ್ಳುತ್ತದೆ, ಮೀಟರ್ ಕೂಡ ಅದನ್ನು ಒದ್ದೆ ಎಂದೇ ಓದುತ್ತದೆ.

ಆದರೆ ಗ್ಲೈಕಾಲ್ ನೀರಿನಲ್ಲಿ ಸಲೀಸಾಗಿ ಕರಗುತ್ತದೆ. ಆದ್ದರಿಂದ ಆ ಜಾಗಗಳನ್ನು ತೆರೆದು, ಸಡಿಲ ಎಳೆಗಳನ್ನು ಕೆರೆದು, ಬಿಸಿ ಸಿಹಿನೀರಿನಿಂದ ತೊಳೆಯಿರಿ. ಒಂದೆರಡು ದಿನ ಆರಲು ಬಿಡಿ, ಒಳಗಿನದು ಮೇಲಕ್ಕೆ ಬಂದು ಅಂಟಂಟಾಗುತ್ತದೆ, ಮತ್ತೆ ತೊಳೆಯಿರಿ. ಅಂಟು ಬರುವುದು ನಿಲ್ಲುವ ತನಕ. ದೋಣಿಯನ್ನು ಒಣಗಿಸಲು ಒದ್ದೆ ಮಾಡಬೇಕು ಎಂದರೆ ಯಾರೂ ನಂಬುವುದಿಲ್ಲ, ಆದರೆ ದಾರಿ ಅದೇ. ಬಿಸಿಗಾಳಿ ಆಮೇಲೆ. ಒಂದೇ ಕಡೆ ಹಿಡಿದು ಸುಡಬೇಡಿ, ಪಾಲಿಯೆಸ್ಟರ್ ಮೆತ್ತಗಾಗುತ್ತದೆ.

ಅರ್ಧ ಹಾಯಿ

ಇದನ್ನು ಹದಿನೈದು ವರ್ಷದ ಹಿಂದೆ ಯಾರಾದರೂ ಹೇಳಿದ್ದರೆ! ನಾನು ಒಮ್ಮೆ ಮಾತ್ರ ತೊಳೆಯುತ್ತಿದ್ದೆ. ಅದೇ ಗುಳ್ಳೆಗಳು ಪಕ್ಕದಲ್ಲೇ ಮತ್ತೆ ಏಳುವುದು ಯಾಕೆಂದು ಈಗ ತಿಳಿಯಿತು.

ಡೆಕ್ಕಿಗೆ ಒಂದು ಸುಲಭದ ದಾರಿ ಇದೆ: ಮೇಲಿನಿಂದ ತೂತು ಕೊರೆದು ತೆಳು ಎಪಾಕ್ಸಿ ಸಿರಿಂಜಿನಲ್ಲಿ ತುಂಬುವುದು. ಇಡೀ ಡೆಕ್ ಕತ್ತರಿಸುವುದು ತಪ್ಪುತ್ತದೆ.

ಹಳೆಯ ಕೀಲು

ತಪ್ಪುವುದಿಲ್ಲ, ಮುಂದಕ್ಕೆ ಹೋಗುತ್ತದೆ. ದುರಸ್ತಿ ಅಂಗಳದಲ್ಲಿ ನಾನು ತೆರೆದ ಡೆಕ್ಕುಗಳಲ್ಲಿ ಸಿರಿಂಜಿನ ಚಿಕಿತ್ಸೆ ಕಂಡವು ಹಲವು. ಡೆಕ್ಕಿನ ಎರಡು ಫೈಬರ್‌ಗ್ಲಾಸ್ ಪದರಗಳ ನಡುವೆ ಬಾಲ್ಸಾ ಎಂಬ ಹಗುರ ಮರವಿರುತ್ತದೆ. ಒದ್ದೆ ಬಾಲ್ಸಾದ ನಡುವೆ ಎಪಾಕ್ಸಿ ಮುತ್ತುಗಳ ಹಾಗೆ ಅಲ್ಲಲ್ಲಿ ಕೂತಿರುತ್ತದೆ, ಯಾವುದಕ್ಕೂ ಅಂಟದೆ. ಮರ ಒಣಗಿದ್ದು, ಕೊಳೆಯದೆ ಇದ್ದು, ಮೇಲಿನ ಪದರ ಬರೀ ಅಂಟು ಬಿಟ್ಟಿದ್ದರೆ ಮಾತ್ರ ಆ ಉಪಾಯ ನಡೆಯುತ್ತದೆ.

ತಿಳಿಯುವುದು ಸುಲಭ. ಒಳಗಡೆಯಿಂದ, ಕೆಳಗಿನ ಪದರದ ಮೂಲಕ ಕೊರೆಯಿರಿ. ಬೈರಿಗೆಯ ಮೊನೆಗೆ ಟೇಪು ಸುತ್ತಿ ಆಳ ಗುರುತಿಸಿಕೊಳ್ಳಿ, ಮೇಲಿನ ಪದರ ಒಡೆಯಬಾರದು. ಬರುವ ಪುಡಿ ನೋಡಿ. ಬೆಳ್ಳಗೆ, ಹಗುರವಾಗಿ, ಊದಿದರೆ ಹಾರಿದರೆ ಮರ ಚೆನ್ನಾಗಿದೆ. ಕಂದಾಗಿ ಬೈರಿಗೆಯ ಸುರುಳಿಗೆ ಅಂಟಿಕೊಂಡು ಬಂದರೆ ಕತ್ತರಿಸುವುದೇ ಸರಿ.

ಪಡುಗಾಳಿ (ಮರುದಿನ)

ಏಳು ತೂತು ಕೊರೆದೆ. ಎರಡರಲ್ಲಿ ಬಿಳಿ ಪುಡಿ. ಐದರಲ್ಲಿ ಕಪ್ಪುಗಂದು ಕೆಸರು, ನೆನೆದ ಎಲೆ ಕೊಳೆತ ವಾಸನೆ. ಒಂದು ತೂತಿನಿಂದ ನೀರು ತೋಳಿನುದ್ದಕ್ಕೂ ಇಳಿದು ಮೊಣಕೈಯಲ್ಲಿ ತೊಟ್ಟಿಕ್ಕಿತು.

ಹಳೆಯ ಕೀಲು

ಹಾಗಿದ್ದರೆ ಮೊದಲು ನೀರು ಬಂದ ಬಾಗಿಲು ಹುಡುಕಿ. ನಿಮ್ಮ ನಕ್ಷೆಯ ಪ್ರಕಾರ ಅದು ತಂತಿಗಳನ್ನು ಹಿಡಿದಿರುವ ಲೋಹದ ಪಟ್ಟಿಗಳು ಡೆಕ್ಕನ್ನು ದಾಟುವ ಜಾಗ. ಆ ಪಟ್ಟಿಗಳನ್ನು ಹೊರತೆಗೆಯಲೇಬೇಕು. ಕೂವೆಯನ್ನು ಇಳಿಸಿದ ಮೇಲೆ, ಮೊದಲಲ್ಲ. ಡೆಕ್ಕಿನ ದಪ್ಪದೊಳಗೆ ಅಡಗಿದ ಭಾಗವನ್ನು ಉಜ್ಜಿ, ಕೂದಲೆಳೆಯಂಥ ಬಿರುಕಿದೆಯೇ ಎಂದು ನೋಡಿ. ಅಲ್ಲೊಂದು ಬಿರುಕು ಬಿಟ್ಟರೆ ಕೂವೆಯೇ ಹೋಗುತ್ತದೆ. ನಿಮ್ಮ ನಲವತ್ತು ಗುಳ್ಳೆಗಳೂ ಸೇರಿ ಮಾಡಲಾರದ ಹಾನಿ ಅದು.

ಆಮೇಲೆ ಮೇಲಿನ ಪದರವನ್ನು ಗೆರೆಯ ಒಳಗೆ ಕತ್ತರಿಸಿ ಎತ್ತಿ. ಗರಗಸದ ಆಳ ಮೇಲ್ಪದರದಷ್ಟೇ ಇರಲಿ. ಆ ಚಿಪ್ಪನ್ನು ಎಸೆಯಬೇಡಿ, ಮತ್ತೆ ಅಂಟಿಸಬಹುದು. ಕೊಳೆತ ಬಾಲ್ಸಾವನ್ನು ಬಿಳಿ ಮರ ಸಿಗುವ ತನಕ ಕೆರೆಯಿರಿ. ಬಾಲ್ಸಾವನ್ನು ನಾರು ನಿಂತಿರುವಂತೆ ಜೋಡಿಸಿರುತ್ತಾರೆ, ಹಾಗಾಗಿ ನೀರು ಅಡ್ಡಕ್ಕೆ ಹರಡುವುದು ನಿಧಾನ. ತುಂಡುಗಳ ನಡುವಿನ ಸಂದುಗಳಲ್ಲಿ ಮಾತ್ರ ಕಾಲುವೆಯಂತೆ ಓಡುತ್ತದೆ. ನಿಮ್ಮ ಗೆರೆ ಕಿಟಕಿಯ ತನಕ ಹೋದದ್ದು ಹಾಗೆ. ಪ್ಲೈವುಡ್ ಆಗಿದ್ದರೆ ನಾರಿನುದ್ದಕ್ಕೂ ಇನ್ನಷ್ಟು ಬೇಗ.

ಹೊಸ ಬಾಲ್ಸಾ ಅಥವಾ ಫೋಮನ್ನು ಸಿಲಿಕಾ ಪುಡಿ ಬೆರೆಸಿ ಗಟ್ಟಿ ಮಾಡಿದ ಎಪಾಕ್ಸಿಯ ಹಾಸಿನ ಮೇಲೆ ಕೂರಿಸಿ, ಭಾರ ಹೇರಿ. ಹಳೆಯ ಚಿಪ್ಪು ಮತ್ತು ಡೆಕ್ಕಿನ ಅಂಚನ್ನು ಇಳಿಜಾರಾಗಿ ಉಜ್ಜಿ: ಪದರ 3 ಮಿ.ಮೀ. ದಪ್ಪವಿದ್ದರೆ ಇಳಿಜಾರು 36 ಮಿ.ಮೀ. ಅಗಲ, ಅಂದರೆ ಹನ್ನೆರಡು ಪಟ್ಟು. ಆ ಇಳಿಜಾರಿನ ಮೇಲೆ ಗಾಜಿನ ಎಳೆಯ ಹೊಸ ಬಟ್ಟೆ ಹಾಸಿ. ಕೈ ನೋವಾಗುವಷ್ಟು ಅಗಲ ಅನ್ನಿಸುತ್ತದೆ, ಆದರೆ ಬಲವೆಲ್ಲ ಇರುವುದು ಆ ಅಗಲದಲ್ಲಿ.

ಬೋಲ್ಟ್ ಹೋಗುವ ಕಡೆಯಲ್ಲಿ ಬಾಲ್ಸಾ ಇರಲೇಬಾರದು. ದೊಡ್ಡ ತೂತು ಕೊರೆದು ಎಪಾಕ್ಸಿ ತುಂಬಿ, ಗಟ್ಟಿಯಾದ ಮೇಲೆ ಅದರ ನಡುವೆ ಬೋಲ್ಟಿನ ತೂತು. ಮುಂದೆ ಅಂಟು ಬಿಟ್ಟು ನೀರು ಬಂದರೂ ಮರ ಮುಟ್ಟದೆ ಒಳಗೆ ತೊಟ್ಟಿಕ್ಕುತ್ತದೆ. ಸೋರಿಕೆ ಕಣ್ಣಿಗೆ ಬೀಳುವುದೇ ಲಾಭ.

ಚುಕ್ಕಾಣಿ

ಬಟ್ಟೆಯ ಬಗ್ಗೆ ಒಂದು ಎಚ್ಚರಿಕೆ. ಪಾಲಿಯೆಸ್ಟರಿಗೆ ಬಳಸುವ ಕತ್ತರಿಸಿದ ಎಳೆಗಳ ಚಾಪೆಯನ್ನು ಎಪಾಕ್ಸಿಯ ಜೊತೆ ಹಾಕಬೇಡಿ. ಅದರ ಎಳೆಗಳನ್ನು ಹಿಡಿದಿರುವ ಅಂಟು ಕರಗಲು ಪಾಲಿಯೆಸ್ಟರ್ ರಾಳದಲ್ಲಿರುವ ಸ್ಟೈರೀನ್ ಎಂಬ ದ್ರವ ಬೇಕು, ಎಪಾಕ್ಸಿಯಲ್ಲಿ ಸ್ಟೈರೀನ್ ಇಲ್ಲ. ಚಾಪೆ ರಟ್ಟಿನ ಹಾಗೆ ಸೆಟೆದು ನಿಲ್ಲುತ್ತದೆ. ಹೊಲಿದ ಎರಡು ದಿಕ್ಕಿನ ಬಟ್ಟೆ ತನ್ನಿ.

ಪಡುಗಾಳಿ

ಪಾಲಿಯೆಸ್ಟರಿನಲ್ಲೇ ಮಾಡಿದರೆ ಆಗದೇ? ಮೂಲ ದೋಣಿ ಅದರಲ್ಲೇ ಕಟ್ಟಿದ್ದಲ್ಲವೇ?

ರಾಳದ ಕೈ

ಕಟ್ಟುವಾಗ ಪ್ರತಿ ಪದರವೂ ಹಿಂದಿನದು ಪೂರ್ತಿ ಗಟ್ಟಿಯಾಗುವ ಮೊದಲೇ ಬಿದ್ದಿತ್ತು, ಎರಡೂ ರಾಸಾಯನಿಕವಾಗಿ ಬೆಸೆದುಕೊಂಡವು. ಸುಮಾರು ಅರ್ಧ ಶತಮಾನ ಗಟ್ಟಿಯಾಗಿ ಕೂತ ಪದರಕ್ಕೆ ಹೊಸ ರಾಳ ಕಚ್ಚಿಕೊಂಡು ಮಾತ್ರ ನಿಲ್ಲಬಲ್ಲದು. ಹಾಗೆ ಕಚ್ಚಿಕೊಳ್ಳುವುದರಲ್ಲಿ ಎಪಾಕ್ಸಿ ಬಹಳ ಮೇಲು. ನೆನಪಿಡಬೇಕಾದ್ದು: ಪಾಲಿಯೆಸ್ಟರ್ ಮೇಲೆ ಎಪಾಕ್ಸಿ ಕೂರುತ್ತದೆ, ಎಪಾಕ್ಸಿಯ ಮೇಲೆ ಪಾಲಿಯೆಸ್ಟರ್ ನಂಬುವಂತಿಲ್ಲ. ಒಮ್ಮೆ ಎಪಾಕ್ಸಿಗೆ ಇಳಿದರೆ ಕೊನೆಯ ತನಕ ಅದೇ.

ಗಟ್ಟಿಯಾದ ಎಪಾಕ್ಸಿಯ ಮೇಲೆ ಮೇಣದಂಥ ಜಿಡ್ಡು ಮೂಡಬಹುದು. ಅದು ನೀರಿನಲ್ಲಿ ಕರಗುತ್ತದೆ. ಮೊದಲು ನೀರು, ಆಮೇಲೆ ಉಜ್ಜುಕಾಗದ. ಹಿಂದುಮುಂದಾದರೆ ಜಿಡ್ಡನ್ನು ಒಳಗೇ ಉಜ್ಜಿ ಕೂರಿಸಿದಂತಾಗುತ್ತದೆ.

ಮತ್ತು ದಯವಿಟ್ಟು ಕೈಗವಸು. ಎಪಾಕ್ಸಿ ಹಲವರಿಗೆ ವರ್ಷಗಟ್ಟಲೆ ಏನೂ ಮಾಡದೆ, ಒಂದು ದಿನ ಇದ್ದಕ್ಕಿದ್ದಂತೆ ಚರ್ಮದ ಅಲರ್ಜಿ ತರುತ್ತದೆ, ಬಂದರೆ ಜೀವನಪೂರ್ತಿ. ಕೈಗೆ ತಾಗಿದ್ದನ್ನು ಅಸಿಟೋನಿನಿಂದ ತೊಳೆಯಬೇಡಿ, ಕರಗಿದ ರಾಳವನ್ನು ಚರ್ಮದ ಮೇಲೆಲ್ಲ ಹರಡಿದಂತಾಗುತ್ತದೆ. ಸೋಪು ನೀರು ಸಾಕು. ಉಜ್ಜುವಾಗ ಬಟ್ಟೆ ಕಟ್ಟಿಕೊಂಡರೆ ಸಾಲದು, ಸರಿಯಾದ ಫಿಲ್ಟರಿನ ಮುಖಗವಸು ಬೇಕು.

ಪಡುಗಾಳಿ (ಎರಡು ತಿಂಗಳ ನಂತರ)

ಡೆಕ್ ಮುಗಿಯಿತು. ಲೋಹದ ಪಟ್ಟಿಗಳಲ್ಲಿ ಒಂದರಲ್ಲಿ ಹಳೆಯ ಕೀಲು ಹೇಳಿದ್ದ ಬಿರುಕು ನಿಜವಾಗಿಯೂ ಇತ್ತು, ಡೆಕ್ಕಿನ ದಪ್ಪದ ಸರಿಯಾಗಿ ಮಧ್ಯದಲ್ಲಿ. ಉಗುರು ಸಿಕ್ಕಿಕೊಳ್ಳುವಷ್ಟು. ಹೊಸ ಪಟ್ಟಿಗಳನ್ನು ಮಾಡಿಸಿದೆ.

ತಳದ ಜೆಲ್‌ಕೋಟ್ ಪೂರ್ತಿ ಸುಲಿಸಲಿಲ್ಲ. ಗುಳ್ಳೆ ದಟ್ಟವಾಗಿದ್ದ ನಾಲ್ಕು ಕಡೆ ಮಾತ್ರ ಗಟ್ಟಿ ಪದರದ ತನಕ ತೆಗೆದೆ, ಉಳಿದವನ್ನು ಒಂದೊಂದಾಗಿ ತೆರೆದೆ. ಒಂಬತ್ತು ಸಲ ಬಿಸಿನೀರಿನಲ್ಲಿ ತೊಳೆದೆ. ಏಳನೆಯ ಸಲದ ತನಕವೂ ಮರುದಿನ ಬೆರಳಿಟ್ಟರೆ ಅಂಟುತ್ತಿತ್ತು. ಈಗ ಅಂಕಿ 7. ಇನ್ನು ಬಳಿಯಬಹುದೇ?

ಹಳೆಯ ಕೀಲು

ಮೀಟರನ್ನು ಕೇಳಿದ್ದು ಸಾಕು, ತಳವನ್ನೇ ಕೇಳಿ. ತಿಳಿ ಪಾಲಿಥೀನ್ ಹಾಳೆಯನ್ನು ಒಂದಡಿ ಚೌಕ ಕತ್ತರಿಸಿ ನಾಲ್ಕೂ ಅಂಚಿಗೆ ಟೇಪು ಹಾಕಿ ಗಾಳಿಯಾಡದಂತೆ ಅಂಟಿಸಿ. ಎರಡು ದಿನ ಬಿಡಿ. ಹಾಳೆಯ ಒಳಮೈಯಲ್ಲಿ ಹನಿಗಟ್ಟಿದರೆ ತಳ ಇನ್ನೂ ತೇವ ಬಿಡುತ್ತಿದೆ. ಹೊರಮೈಯಲ್ಲಿ ಕಟ್ಟಿದರೆ ಅದು ಗಾಳಿಯದು, ಲೆಕ್ಕಕ್ಕಿಲ್ಲ.

ಬಳಿಯುವ ದಿನ ತಳದ ತಾಪ ಇಬ್ಬನಿ ಬಿಂದುವಿಗಿಂತ (ಗಾಳಿಯ ತೇವ ಹನಿಗಟ್ಟುವ ತಾಪಕ್ಕಿಂತ) ಕನಿಷ್ಠ 3 ಡಿಗ್ರಿ ಮೇಲಿರಲಿ. ತಡೆಲೇಪದ ಎಪಾಕ್ಸಿ ಐದಾರು ಸುತ್ತು, ಒಣಗಿದ ಮೇಲೆ ಒಟ್ಟು 250ರಿಂದ 300 ಮೈಕ್ರಾನ್. ಎರಡು ಬಣ್ಣಗಳನ್ನು ಸುತ್ತು ಬಿಟ್ಟು ಸುತ್ತು ಬಳಸಿದರೆ ಬಿಟ್ಟುಹೋದ ಜಾಗ ತಾನೇ ಕಾಣುತ್ತದೆ. ಕೊನೆಯ ಸುತ್ತು ಹೆಬ್ಬೆರಳಿನ ಗುರುತು ಬೀಳುವಷ್ಟು ಹಸಿಯಿರುವಾಗಲೇ ತಳದ ಬಣ್ಣದ ಮೊದಲ ಸುತ್ತು ಹಾಕಿ, ಇಲ್ಲವಾದರೆ ಇಡೀ ತಳವನ್ನು ಮತ್ತೆ ಉಜ್ಜಬೇಕಾಗುತ್ತದೆ.

ಪಡುಗಾಳಿ (ಮೂರು ದಿನಗಳ ನಂತರ)

ನಾಲ್ಕು ಹಾಳೆ ಅಂಟಿಸಿದ್ದೆ. ಮೂರು ಒಳಗಿನಿಂದ ಒಣಗಿವೆ. ಕೀಲಿನ ಹಿಂದಿನ ನಾಲ್ಕನೆಯದರಲ್ಲಿ ಕೆಳಗಿನ ಅಂಚಿನಲ್ಲಿ ಸಾಲಾಗಿ ಆರು ಹನಿ.

ಅರ್ಧ ಹಾಯಿ

ಆರೇ ಹನಿ ತಾನೆ, ಬಳಿದುಬಿಡಿ.

ರಾಳದ ಕೈ

ಅರ್ಧ ಹಾಯಿಯವರ ಮಾತು ಕೇಳಬೇಡಿ. ಹಾಳೆ ತೆಗೆದು ಅಲ್ಲಿ ಬೆರಳಿಟ್ಟು ನೋಡಿ, ಅಂಟುತ್ತದೆಯೇ?

ಪಡುಗಾಳಿ

ಅಂಟುತ್ತದೆ. ಹತ್ತನೆಯ ಸಲಕ್ಕೆ ನೀರು ಕಾಯಲು ಇಟ್ಟಿದ್ದೇನೆ.